ನಾ ಎಲ್ಲಿ ನಿಂದ್ರಲಿ ಅಣ್ಣಾ?

ಹುಬ್ಬಳ್ಳಿಯ ಒಬ್ಬ ಹುಡುಗನಿಗೆ ಬೀಟ್, ಅಂದರೆ ರ‍್ಯಾಪ್ ಹಾಡಿನ ಹಿಂದೆ ಬರುವ ಸಂಗೀತ, ಮಾಡಿಕೊಡುತ್ತಿದ್ದೆ. ಐದನೇ ವರ್ಷನ್ ಕಳಿಸಿದ ಮೇಲೆ ಅವನಿಂದ ಒಂದು ವಾಯ್ಸ್ ನೋಟ್ ಬಂತು. “ಬೀಟ್ ಮಸ್ತ್ ಐತ್ರಿ ಅಣ್ಣಾ. ಆದ್ರ ನಾ ಎಲ್ಲಿ ನಿಂದ್ರಲಿ?”

ಆರು ವರ್ಷದಿಂದ ಬೆಂಗಳೂರಿನ ಒಂದು ಬಾಡಿಗೆ ರೂಮಿನಲ್ಲಿ ಕೂತು ರ‍್ಯಾಪ್ ಮಾಡುವವರಿಗೆ ಬೀಟ್ ಮಾಡಿ ಮಾರುತ್ತಿದ್ದೇನೆ. ಈ ಕೆಲಸದ ಬಗ್ಗೆ ಇಷ್ಟು ಸರಿಯಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಆಗಿದ್ದು ಇಷ್ಟೇ. ಮೊದಲ ವರ್ಷನ್ ಕೇಳಿ ಅವನು “ಏನೋ ಸರಿ ಕೂಡಾಕತ್ತಿಲ್ಲ” ಅಂದ. ಏನೋ ಕಡಿಮೆ ಆಗಿದೆ ಅಂದುಕೊಂಡು ನಾನು ಒಂದು ಬೆಲ್ ಮೆಲೋಡಿ ಸೇರಿಸಿದೆ. ಮತ್ತೆ ಅದೇ ಉತ್ತರ. ಹೈ-ಹ್ಯಾಟ್ ರೋಲ್ ಹಾಕಿದೆ, 808 ಅನ್ನುವ ಆಳದ ಬೇಸ್ ಸದ್ದು ಜಾರುವ ಹಾಗೆ ಮಾಡಿದೆ, ಪ್ರತಿ ಸುತ್ತಿನ ನಾಲ್ಕನೇ ಎಣಿಕೆಗೆ ಸ್ನೇರ್ ಫಿಲ್, ಅಂದರೆ ಡ್ರಮ್ಮಿನ ಚಿಕ್ಕ ಸುರಿಮಳೆ, ಹಾಕಿದೆ. ಸುಮ್ನೆ ಬೀಟ್ ಕೇಳಿದರೆ ಬಹಳ ಚೆನ್ನಾಗಿತ್ತು, ಅದೇ ತೊಂದರೆ. ಅದಕ್ಕೆ ಹಾಡುವವನೇ ಬೇಕಾಗಿರಲಿಲ್ಲ. ಕ್ಲೈಂಟಿಗೆ ಹಿಡಿಸಲಿಲ್ಲ ಅಂದರೆ ಇನ್ನೂ ಸೇರಿಸಬೇಕು ಅನ್ನುವ ಅಭ್ಯಾಸ ನಮ್ಮಲ್ಲಿ ತುಂಬಾ ಜನರಿಗೆ ಇದೆ, ಯಾಕಂದ್ರೆ ಸೇರಿಸಿದ್ದು ಪ್ರಾಜೆಕ್ಟ್ ಫೈಲಿನಲ್ಲಿ ಕಣ್ಣಿಗೆ ಕಾಣುತ್ತದೆ, ತೆಗೆದದ್ದು ಕಾಣುವುದಿಲ್ಲ.

ಆ ವಾಯ್ಸ್ ನೋಟ್ ಬಂದ ರಾತ್ರಿ ಅವನಿಗೆ ಫೋನ್ ಮಾಡಿ, ಬೀಟೇ ಇಲ್ಲದೆ ಬರೀ ಬಾಯಲ್ಲಿ ಹೇಳಿ ಕಳಿಸು ಅಂದೆ. ಬೈಕಿನ ಟ್ಯಾಂಕ್ ಮೇಲೆ ಕೈಯಲ್ಲಿ ತಟ್ಟುತ್ತಾ ಹೇಳಿ ಕಳಿಸಿದ. ನಲವತ್ತು ಸೆಕೆಂಡು. ಅದನ್ನು ಎಫ್‌ಎಲ್ ಸ್ಟುಡಿಯೋ ಅನ್ನುವ ಸಂಗೀತ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದರೆ ಅವನ ತಟ್ಟು ಸುಮಾರು 90 ಬಿಪಿಎಂನಲ್ಲಿತ್ತು, ಅಂದರೆ ನಿಮಿಷಕ್ಕೆ 90 ಏಟು. ನಾನು ಮಾಡಿದ್ದು 98ರಲ್ಲಿ. ಅಷ್ಟೂ ದಿನ ಅವನು ನನ್ನ ಹಿಂದೆ ಓಡುತ್ತಿದ್ದ.

ಆಮೇಲೆ ಕಂಡದ್ದು ಇನ್ನೂ ಮುಖ್ಯ. ಒಂದು ಬಾರ್, ಅಂದರೆ ನಾಲ್ಕು ಎಣಿಕೆಯ ಒಂದು ಸುತ್ತು, ನಮಗೆ ಪರದೆಯ ಮೇಲೆ ಹದಿನಾರು ಚೌಕ. ಶಾಲೆಯಲ್ಲಿ ಲಘು ಗುರು ಹಾಕಿದ್ದು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಗೆ ಒಂದು ಚೌಕ ಅಂತ ಲೆಕ್ಕ ಹಾಕಿ. ಅವನ ಸಾಲು ಇಲ್ಲಿ ಹಾಕುವುದಿಲ್ಲ, ಅದೇ ಅಳತೆಯ ಒಂದು ಸಾಲು ಹೇಳುತ್ತೇನೆ: “ಬಸ್ಸು ಹತ್ತಿದೆ, ಊರು ದಾಟಿದೆ.” ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು ಹದಿನಾಲ್ಕು. ಭಾಮಿನಿ ಷಟ್ಪದಿಯ ನಡಿಗೆಯೇ ಇದು, ಆ ಹುಡುಗನಿಗೆ ಅದರ ಹೆಸರು ಗೊತ್ತಿರಲಿಲ್ಲ, ಆದರೆ ಬಾಯಲ್ಲಿ ಇತ್ತು. ಉಳಿದ ಎರಡು ಚೌಕದಲ್ಲಿ ಅವನು ಉಸಿರು ತೆಗೆದುಕೊಳ್ಳುತ್ತಿದ್ದ. 90 ಬಿಪಿಎಂನಲ್ಲಿ ಆ ಎರಡು ಚೌಕ ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ.

ನನ್ನ ಸ್ನೇರ್ ಫಿಲ್ ಎಲ್ಲಿತ್ತು? ಹದಿಮೂರರಿಂದ ಹದಿನಾರರವರೆಗೆ. ಅಂದರೆ “ದಾಟಿದೆ” ಅನ್ನುವಲ್ಲಿನ “ಟಿದೆ” ಮೇಲೆ ಮತ್ತು ಅವನ ಉಸಿರಿನ ಮೇಲೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಸಾಲಿನ ಕೊನೆಗೆ ಬರುತ್ತದೆ. ಹತ್ತಿದನಾ ಇಳಿದನಾ, ಗೆದ್ದನಾ ಸೋತನಾ, ಎಲ್ಲಾ ಗೊತ್ತಾಗುವುದು ಅಲ್ಲೇ. ಇಂಗ್ಲಿಷ್ ರ‍್ಯಾಪ್ ಬೀಟುಗಳನ್ನು ಕೇಳಿ ಕಲಿತವನು ನಾನು. ಹಾಗಾಗಿ ಬಾರ್ ಕೊನೆ ಅಂದರೆ ಡ್ರಮ್ಮಿನ ಜಾಗ ಅಂತಲೇ ತಲೆಯಲ್ಲಿ ಕೂತಿತ್ತು. ಆದರೆ ನಮ್ಮ ಭಾಷೆಯ ಏಟು ಬೀಳುವ ಜಾಗವೇ ಅದು.

ಆರನೇ ವರ್ಷನ್‌ನಲ್ಲಿ ಬರೀ ತೆಗೆದೆ. ವರ್ಸಿನಲ್ಲಿ ಬೆಲ್ ಇಲ್ಲ, ಪಲ್ಲವಿಯಂತೆ ಮತ್ತೆ ಮತ್ತೆ ಬರುವ ಹುಕ್‌ನಲ್ಲಿ ಮಾತ್ರ. ಫಿಲ್ ಎಂಟು ಬಾರ್‌ಗಳಿಗೆ ಒಂದೇ ಸಲ, ಅದೂ ಅವನು ಪೂರ್ತಿ ನಿಲ್ಲಿಸುವ ಕಡೆ. 808 ಅವನ ಮಾತು ಮುಗಿದ ಮೇಲೆ ಬಂದು ಬೀಳುವ ಹಾಗೆ ಸರಿಸಿದೆ. ಹಿಪ್-ಹಾಪ್ ಹುಟ್ಟಿದ್ದೇ ಹೀಗೆ ಅಲ್ವಾ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಹಾಡಿನಲ್ಲಿ ಮಿಕ್ಕವರೆಲ್ಲ ಸುಮ್ಮನಾಗಿ ಡ್ರಮ್ ಮಾತ್ರ ಉಳಿಯುವ ಆ ಚೂರನ್ನೇ ಮತ್ತೆ ಮತ್ತೆ ಬಾರಿಸಿ ಉದ್ದ ಮಾಡಿದ. ಖಾಲಿ ಜಾಗವನ್ನು ಉದ್ದ ಮಾಡಿದ ಅನ್ನಬೇಕು. ಮೈಕ್ ಹಿಡಿದವರು ಬಂದು ನಿಂತದ್ದು ಆ ಜಾಗದಲ್ಲೇ.

ಈಗ ಬೇರೆಯವರಿಗೆ ಉಪಯೋಗಕ್ಕೆ ಬರುವ ಇನ್ನೆರಡು ಮಾತು. 808ನ ಕೆಳಗಿನ ಸ್ವರಗಳು 50 ಹರ್ಟ್ಜ್ ಆಸುಪಾಸಿನಲ್ಲಿರುತ್ತವೆ, ಫೋನಿನ ಸ್ಪೀಕರಿನಿಂದ ಅವು ಹೊರಗೇ ಬರುವುದಿಲ್ಲ. ಕ್ಲೈಂಟ್ ಮೊದಲು ಕೇಳುವುದು ಫೋನಿನಲ್ಲಿ. “ಬೇಸ್ ಇಲ್ಲ ಬ್ರೋ” ಅಂದಾಗ ಬೇಸ್ ಜಾಸ್ತಿ ಮಾಡಬೇಡಿ, ಸ್ವಲ್ಪ ಸ್ಯಾಚುರೇಷನ್ ಕೊಡಿ, ಅಂದರೆ ಸದ್ದನ್ನು ಬೇಕಂತಲೇ ಚೂರು ಒರಟು ಮಾಡಿ. ಹಾರ್ಮೋನಿಕ್ಸ್, ಅಂದರೆ ಅದೇ ಸ್ವರದ ಮೇಲಿನ ಉಪಸ್ವರಗಳು, ಹುಟ್ಟಿ ಸಣ್ಣ ಸ್ಪೀಕರಿನಲ್ಲೂ ಆ ಸ್ವರ ಇದೆ ಅಂತ ಕಿವಿಗೆ ಗೊತ್ತಾಗುತ್ತದೆ.

ಇನ್ನೊಂದು ನನ್ನ ತಪ್ಪು. ಮೂರು ವರ್ಷದ ಹಿಂದೆ ಬೇರೊಬ್ಬರ ಕೆಲಸಕ್ಕೆ ರೆಡಿಮೇಡ್ ಸದ್ದುಗಳ ಒಂದು ಸ್ಯಾಂಪಲ್ ಪ್ಯಾಕಿನ ಗಿಟಾರ್ ಲೂಪನ್ನು, ಅಂದರೆ ಸುತ್ತಿ ಸುತ್ತಿ ಬರುವ ಚೂರನ್ನು, ಹಾಗೇ ಎತ್ತಿ ಹಾಕಿ, ಬೀಟನ್ನು ಎಕ್ಸ್‌ಕ್ಲೂಸಿವ್, ಅಂದರೆ ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಮಾರಿದೆ. ಲೂಪಿಗೆ ಲೈಸೆನ್ಸ್ ಇತ್ತು, ಆದರೆ ಅದೇ ಲೈಸೆನ್ಸ್ ದುಡ್ಡು ಕೊಟ್ಟ ಎಲ್ಲರಿಗೂ ಇರುತ್ತದೆ. ಅದೇ ಲೂಪ್ ಬಳಸಿದ ಇನ್ಯಾರದೋ ಹಾಡು ಮೊದಲೇ ರಿಜಿಸ್ಟರ್ ಆಗಿತ್ತು, ವಿಡಿಯೋ ಬಿಟ್ಟ ಎರಡನೇ ದಿನ ಈ ಸಂಗೀತ ನಮ್ಮದು ಅಂತ ಕ್ಲೈಂಟಿಗೆ ಕಾಪಿರೈಟ್ ಕ್ಲೇಮ್ ಬಂತು. ಆ ಹೆಣ್ಣುಮಗಳು ಸಂಬಳ ಉಳಿಸಿ ವಿಡಿಯೋ ಮಾಡಿಸಿದ್ದರು. ಅವರ ಮುಂದೆ ನನಗೆ ಮಾತೇ ಹೊರಡಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಗಿಟಾರ್ ನುಡಿಸುವ ಗೆಳೆಯನನ್ನು ಕರೆಸಿ ಹೊಸದಾಗಿ ಬಾರಿಸಿ ಕೊಟ್ಟೆ. ಅಂದಿನಿಂದ ಎಕ್ಸ್‌ಕ್ಲೂಸಿವ್ ಬೀಟಿನಲ್ಲಿ ಮೆಲೋಡಿ ನನ್ನದೇ ಇರುತ್ತದೆ. ಪ್ಯಾಕಿನಿಂದ ಡ್ರಮ್ಮಿನ ಬಿಡಿ ಏಟುಗಳು ಮಾತ್ರ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅರ್ಧ ಅಡ್ವಾನ್ಸ್, ಬದಲಾವಣೆ ಎರಡು ಸಲ, ಪೂರ್ತಿ ದುಡ್ಡು ಬರುವವರೆಗೆ ನನ್ನ ಗುರುತಿನ ಸದ್ದು, ಅಂದರೆ ಟ್ಯಾಗ್, ಹಾಕಿದ ಎಂಪಿ3, ಬಂದ ಮೇಲೆ ಪೂರ್ತಿ ಗುಣಮಟ್ಟದ ವೇವ್ ಫೈಲ್ ಮತ್ತು ಸ್ಟೆಮ್ಸ್, ಅಂದರೆ ಪ್ರತಿ ವಾದ್ಯದ ಬೇರೆ ಬೇರೆ ಫೈಲ್. ಸ್ಟೆಮ್ಸ್ ಎಲ್ಲಾ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, ಫೈಲಿನ ಹೆಸರಲ್ಲೇ ಬಿಪಿಎಂ ಮತ್ತು ಶ್ರುತಿ ಇರಲಿ. ಹಕ್ಕು ಕೊಡುವುದಾದರೆ ಬರವಣಿಗೆಯಲ್ಲೇ ಆಗಬೇಕು, 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಹಾಗೆ ಹೇಳುತ್ತದೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದು ಕ್ಲೈಂಟುಗಳಿಗೂ ಗೊತ್ತಿರಲಿ ಅಂತ ನಾನೇ ಮೊದಲು ಹೇಳಿಬಿಡುತ್ತೇನೆ. ವಾಟ್ಸಾಪಿನಲ್ಲಿ “ಓಕೆ ಬ್ರೋ, ಬೀಟ್ ನಿಂದೇ” ಅಂದು ಮುಗಿಸಿದ ಕೆಲಸಗಳೇ ಆಮೇಲೆ ಜಗಳ ತಂದಿವೆ.

ಬದಲಾವಣೆಯ ಆ ಎರಡು ಸಲದ ಲೆಕ್ಕವನ್ನು ನಾನು ಈಗ ಮೀರುವುದು ತೀರಾ ಕಡಿಮೆ. ಯಾರೇ ಬಂದರೂ ಮೊದಲು ಬೀಟಿಲ್ಲದ ವಾಯ್ಸ್ ನೋಟ್ ಕೇಳುತ್ತೇನೆ. ಕೆಲವರಿಗೆ ನಾಚಿಕೆ, ಆದರೂ ಬಿಡುವುದಿಲ್ಲ. ನಿನ್ನೆ ಶಿವಮೊಗ್ಗದ ಒಬ್ಬ ಹುಡುಗಿ ಕಳಿಸಿದ್ದಾಳೆ, ಹಿಂದೆ ಬಸ್ಸಿನ ಹಾರನ್ನು, ಯಾರೋ ಟಿಕೆಟ್ ಕೇಳುವ ಸದ್ದು. ಪ್ರತಿ ಮೂರನೇ ಸಾಲಿನ ಮೊದಲು ಕಾಲು ಸೆಕೆಂಡು ತಡೆಯುತ್ತಾಳೆ. ಬೆಳಿಗ್ಗೆಯಿಂದ ಅದನ್ನೇ ಕೇಳುತ್ತಾ ಕೂತಿದ್ದೇನೆ. ಇದುವರೆಗೆ ಹಾಕಿರುವುದು ಒಂದು ಕಿಕ್ ಡ್ರಮ್ ಮಾತ್ರ.