ಬೆಳ್ಳುಳ್ಳಿ ಕಾಡು ದಾಟಿ ಗೋರ್ಡೇಲ್‌ಗೆ

ಮೇ ತಿಂಗಳಲ್ಲಿ ಅಮ್ಮ ಶಿರಸಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದಳು. ಮಂಡಿ ನೋವಿನವಳು. ಬೆಟ್ಟದ ಮಾತೆತ್ತಿದರೆ ಸಾಕು, ಮಾತು ಬದಲಿಸುತ್ತಿದ್ದಳು. ಅದಕ್ಕೇ ಯಾರ್ಕ್‌ಶೈರ್ ಡೇಲ್ಸ್‌ನ ಮ್ಯಾಲಮ್ ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿಂದ ಗೋರ್ಡೇಲ್ ಸ್ಕಾರ್ ಎಂಬ ಸುಣ್ಣಕಲ್ಲಿನ ಕಮರಿಗೆ ಸುಮಾರು ಒಂದೂವರೆ ಮೈಲಿ. ಹಳ್ಳದ ಪಕ್ಕದಲ್ಲೇ ದಾರಿ, ಏರು ತೀರಾ ಕಡಿಮೆ. ಇಲ್ಲಿಯವರು ಹಳ್ಳಕ್ಕೆ ಬೆಕ್ ಅನ್ನುತ್ತಾರೆ.

ಮೊದಲು ಹುಲ್ಲುಗಾವಲು, ಕುರಿ, ಸಿಮೆಂಟು ಕಾಣದ ಕಲ್ಲಿನ ಪಾಗಾರ. ಆಮೇಲೆ ಕಾಡು ಬಂತು. ಅಮ್ಮ ನಿಂತೇ ಬಿಟ್ಟಳು.

"ಯಾರದು ಇಲ್ಲಿ ಒಗ್ಗರಣೆ ಹಾಕ್ತಿರೋದು?"

ಕಾಡು ಬೆಳ್ಳುಳ್ಳಿ! ನೆಲದ ತುಂಬ ಬಿಳಿ ನಕ್ಷತ್ರದಂಥ ಹೂವು, ಗಾಳಿಯಲ್ಲೆಲ್ಲ ಅದೇ ಘಾಟು. ಫೋಟೋದಲ್ಲಿ ಹೂವು ಬರುತ್ತದೆ, ವಾಸನೆ ಬರೋದಿಲ್ಲವಲ್ಲ.

ಕಾಡಿನ ಕೊನೆಗೆ ಜಾನೆಟ್ಸ್ ಫಾಸ್ ಎಂಬ ಪುಟ್ಟ ಜಲಪಾತ. ನೀರಿನಲ್ಲಿ ಕರಗಿದ ಸುಣ್ಣ ಪಾಚಿಯ ಮೇಲೆ ಕೂತು ಕೂತು ಕಲ್ಲಿನ ಪರದೆಯೇ ಆಗಿದೆ. "ಬೆಂಗಳೂರಲ್ಲಿ ನಿನ್ನ ಅಣ್ಣನ ಮನೆ ಬಕೆಟ್ಟಿಗೆ ಹಿಡಿಯುತ್ತಲ್ಲ, ಅದೇ ತಾನೆ?" ಅಂದಳು ಅಮ್ಮ. ಅದೇ. ಬೋರ್‌ವೆಲ್ ನೀರು ಕಂಡವರಿಗೆ ಬೇರೆ ಪಾಠ ಬೇಡ. ಪರದೆಯ ಹಿಂದಿನ ಗುಹೆಯಲ್ಲಿ ಯಕ್ಷಿಣಿಯರ ರಾಣಿ ಜಾನೆಟ್ ಇದ್ದಾಳೆ ಅಂತ ಹಳೆಯ ನಂಬಿಕೆ. ಕೆಳಗಿನ ಮಡುವಿನಲ್ಲಿ ಹಿಂದೆ ಕುರಿ ತೊಳೆಯುತ್ತಿದ್ದರಂತೆ. ಹತ್ತಿರದಲ್ಲೇ ಬಿದ್ದಿದ್ದ ಮರದ ದಿಮ್ಮಿಗೆ ಜನ ನಾಣ್ಯ ಜಡಿದು ಹೋಗಿದ್ದರು. ಅಮ್ಮ ಅದನ್ನೇ ನೋಡುತ್ತ ನಿಂತಳು.

ಅಲ್ಲಿಂದ ಸ್ವಲ್ಪ ರಸ್ತೆ, ಒಂದು ಗೇಟು, ಬಯಲು. ಕಮರಿ ಎಲ್ಲಿ ಅಂತ ಅಮ್ಮ ಎರಡು ಸಲ ಕೇಳಿದಳು. ಕೊನೆಯ ತಿರುವಿನವರೆಗೂ ಕಾಣೋದೇ ಇಲ್ಲ. ತಿರುಗಿದಾಗ ಮಾತ್ರ ಎರಡೂ ಕಡೆ 100 ಮೀಟರಿಗೂ ಎತ್ತರದ ಗೋಡೆ, ತಲೆಯ ಮೇಲೇ ಬಾಗಿದ ಹಾಗೆ. ಬಿಸಿಲು ಹಿಂದೆಯೇ ಉಳಿಯಿತು. ಒಳಗೆ ಬಂಡೆಯ ತೂತಿನಿಂದ ನೀರು ನುಗ್ಗಿ ಬೀಳುತ್ತಿತ್ತು. 30 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಬೆಚ್ಚಗಿನ ಸಮುದ್ರದಲ್ಲಿ ಚಿಪ್ಪುಗಳು ಸೇರಿ ಆದ ಕಲ್ಲು ಇದು. ಹಿಮಯುಗದ ಕರಗಿದ ನೀರು ಅದನ್ನು ಕೊರೆಯಿತು. ಚಿತ್ರಕಾರ ಜೇಮ್ಸ್ ವಾರ್ಡ್ ಬಿಡಿಸಿದ ಇದರ ಚಿತ್ರ ಲಂಡನ್ನಿನ ಟೇಟ್ ಕಲಾ ಗ್ಯಾಲರಿಯಲ್ಲಿದೆ. ಅದೇ ಮೂರು ಮೀಟರಿಗಿಂತ ಎತ್ತರ!

"ಯಾಣಕ್ಕೆ ಸುಣ್ಣ ಬಳಿದ ಹಾಗಿದೆ" ಅಂದಳು ಅಮ್ಮ. ಯಾಣದ್ದೂ ಸುಣ್ಣಕಲ್ಲೇ, ಬಣ್ಣ ಮಾತ್ರ ಕಪ್ಪು. "ಒಂದು ದೇವಸ್ಥಾನ ಕಡಿಮೆ ಆಯ್ತು, ಅಷ್ಟೇ."

ಜಲಪಾತದ ಪಕ್ಕದ ಬಂಡೆಗಳನ್ನು ಹುಡುಗರು ಹತ್ತುತ್ತಿದ್ದರು. ಮಂಡಿ ನೋವಿನವರಿಗೆ ದಾರಿ ಅದರ ಕೆಳಗೇ ಮುಗಿಯುತ್ತದೆ. ಕಲ್ಲಿನ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿಂದೆವು.

ವಾಪಸ್ ಬರುವಾಗ ಅಮ್ಮ ಆ ದಿಮ್ಮಿಯ ಹತ್ತಿರ ನಿಂತು ಪರ್ಸ್ ತಡಕಾಡಿ ಐದು ರೂಪಾಯಿ ತೆಗೆದಳು.

"ಮರಕ್ಕೆ ಜಡಿಯೋದು ಬೇಡಮ್ಮ" ಅಂದೆ.

"ಜಡಿಯೋಕೆ ನನ್ನ ಹತ್ರ ಸುತ್ತಿಗೆ ಎಲ್ಲಿದೆ?" ಅನ್ನುತ್ತ ಒಂದು ಬಿರುಕು ನೋಡಿ ಮೆಲ್ಲಗೆ ಸಿಕ್ಕಿಸಿದಳು.