80 ಸೆಂಟ್ಸ್ ಮಳೆ

ಚಿಕ್ಕಮಗಳೂರು, ಐ.ಜಿ. ರೋಡು. ಎರಡು ದಿನದ ಮೀಟಿಂಗು. ಕೆಳಗೆ ಕಾನ್ಫರೆನ್ಸ್ ಹಾಲ್, ಮೇಲೆ ರೂಮು.

ರಾತ್ರಿ ಜೋರು ಮಳೆ. ಬೆಳಿಗ್ಗೆ ಆರಕ್ಕೆ ಕೆಳಗಿಳಿದರೆ ರಿಸೆಪ್ಷನ್‌ನಲ್ಲಿ ನೈಟ್ ಡ್ಯೂಟಿಯ ಹಿರಿಯರು ಫೋನಲ್ಲಿ. "ನಿಮ್ಮಲ್ಲಿ ಎಷ್ಟಾಯ್ತೋ? 80 ಸೆಂಟ್ಸಾ? ಸಾಕು ಬಿಡು ಮಾರಾಯ!" ಮುಂದೆ ಹಳೇ ಬಿಲ್ ಪುಸ್ತಕ. ಅದರ ಬೆನ್ನಿಗೆ ಪೆನ್ಸಿಲಲ್ಲಿ ಒಂದೊಂದು ಊರಿನ ಹೆಸರು, ಎದುರಿಗೆ ಒಂದೊಂದು ಅಂಕಿ.

100 ಸೆಂಟ್ಸ್ ಅಂದ್ರೆ ಒಂದು ಇಂಚು ಮಳೆ. "ಹೂಮಳೆ ಸಾರ್" ಅಂದರು. ಇನ್ನು ಏಳೆಂಟು ದಿನಕ್ಕೆ ರೊಬಸ್ಟಾ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತೆ, ಮಲ್ಲಿಗೆ ಥರದ ಘಮ. ಹೂ ನಿಲ್ಲೋದು ಎರಡ್ಮೂರು ದಿನ ಅಷ್ಟೇ. ಆಮೇಲೆ 15-20 ದಿನದೊಳಗೆ ಇನ್ನೊಂದು ಮಳೆ ಬೀಳಬೇಕು, ಇಲ್ಲಾಂದ್ರೆ ಕಾಯಿ ಸರಿಯಾಗಿ ಕಚ್ಚಲ್ಲ.

ಅವರಿಗಿರೋದು ಎರಡೇ ಎಕರೆ. ಮಾತಾಡುವಾಗಲೂ ಕಣ್ಣು ಹೊರಗಿನ ಒದ್ದೆ ರಸ್ತೆ ಮೇಲೇ.

ದಿನವಿಡೀ ಹಾಲ್‌ನಲ್ಲಿ ಏಸಿ, ಪರದೆ, ಗ್ರಾಫು. ನನಗೆ ಆ ಪೆನ್ಸಿಲ್ ಅಂಕಿಗಳದ್ದೇ ಧ್ಯಾನ. ದಿನಕ್ಕೆ ಮೂರು ಲೋಟ ಕಾಫಿ ಕುಡಿಯೋಳು ನಾನು, ಈ ಮಳೆ ಲೆಕ್ಕ ಒಂದು ದಿನವೂ ಕೇಳಿರಲಿಲ್ಲ.

ಹೂ ಬಿಟ್ಟಾಗ ಫೋಟೋ ಕಳಿಸ್ತೀನಿ ಅಂತ ನಂಬರ್ ತಗೊಂಡಿದ್ದಾರೆ. ಕಾಯ್ತಾ ಇದ್ದೀನಿ.