ಅಕಿಲೀಸನಿಗೆ ಜೋಡಿ ಯಾರು?

ನಮ್ಮ ಎಂ.ಎ. ತರಗತಿಯ ತೌಲನಿಕ ಕಾವ್ಯದ ಪತ್ರಿಕೆಗೆ ತಪ್ಪದೆ ಬರುತ್ತಿದ್ದ ಪ್ರಶ್ನೆ: ಹೋಮರನ ಗ್ರೀಕ್ ಕಾವ್ಯ 'ಇಲಿಯಡ್'ನ ವೀರ ಅಕಿಲೀಸ್ ಮತ್ತು ಮಹಾಭಾರತದ ಕರ್ಣರನ್ನು ಹೋಲಿಸಿ. ಉತ್ತರವೂ ಸಿದ್ಧವಿರುತ್ತಿತ್ತು. ಒಬ್ಬನ ತಾಯಿ ದೇವತೆ ಥೆಟಿಸ್, ಇನ್ನೊಬ್ಬನ ತಂದೆ ಸೂರ್ಯ; ಇಬ್ಬರೂ ಕವಚ ಕಳೆದುಕೊಂಡವರು. ಮೇಷ್ಟ್ರು ಇಷ್ಟಕ್ಕೆ ತೃಪ್ತರಾಗುತ್ತಿರಲಿಲ್ಲ. ಕವಚ ಹೇಗೆ ಹೋಯಿತೆಂದು ಕೇಳುತ್ತಿದ್ದರು. ಬೇಡಿದವರಿಗೆ ಇಲ್ಲವೆನ್ನಲಾರದ ಕರ್ಣ ಅದನ್ನು ಇಂದ್ರನಿಗೆ ಕೊಯ್ದು ಕೊಟ್ಟ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಸೇನಾನಾಯಕ ಅಗಮೆಮ್ನಾನ್ ಮಾಡಿದ ಅವಮಾನದ ಸಿಟ್ಟು ಬಿಡಲಾರದೆ ಅಕಿಲೀಸ್ ತಾನು ಶಿಬಿರದಲ್ಲೇ ಉಳಿದು, ಗೆಳೆಯ ಪೆಟ್ರೋಕ್ಲಸ್‌ಗೆ ತೊಡಿಸಿ ಕಳಿಸಿದ; ಅವನನ್ನು ಕೊಂದ ಟ್ರಾಯ್‌ನ ರಾಜಕುಮಾರ ಹೆಕ್ಟರ್ ಅದನ್ನು ಕಿತ್ತುಕೊಂಡ. ಒಂದು ಕೇಡು ಗುಣದಿಂದ ಬಂದದ್ದು, ಇನ್ನೊಂದು ದೋಷದಿಂದ.

ಹಿಮ್ಮಡಿಯೊಂದೇ ಅಕಿಲೀಸನ ದುರ್ಬಲ ಜಾಗವೆಂಬ ಕಥೆ ಬರೆದವರಿಗಂತೂ ಅಂಕವೇ ಇಲ್ಲ. ಅದು 'ಇಲಿಯಡ್'ನಲ್ಲಿಲ್ಲ, ಅವನ ಸಾವೂ ಅಲ್ಲಿಲ್ಲ. 24 ಸರ್ಗಗಳ ಆ ಕಾವ್ಯ ಮುಗಿಯುವುದು ಹೆಕ್ಟರನ ಅಂತ್ಯಕ್ರಿಯೆಯಲ್ಲಿ.

ನಾಯಕನ ದೋಷಕ್ಕೆ ಹೆಸರಿಡುವ ಮೊದಲು, ಅವನಿಗೆ ಪಾರಾಗುವ ದಾರಿ ತೆರೆದ ಗಳಿಗೆಯನ್ನು ಓದಬೇಕು. 9ನೆಯ ಸರ್ಗದಲ್ಲಿ ಅಗಮೆಮ್ನಾನ್, ಯುದ್ಧಕ್ಕೆ ಮರಳಿದರೆ 10 ಟ್ಯಾಲೆಂಟ್ (ಗ್ರೀಕರ ತೂಕದ ಅಳತೆ) ಚಿನ್ನ, 12 ಕುದುರೆ, 7 ಊರು, ಜೊತೆಗೆ ಮಗಳನ್ನೂ ಕೊಡುತ್ತೇನೆಂದು ಹೇಳಿಕಳಿಸುತ್ತಾನೆ. ಅವಮಾನ ಇನ್ನೂ ಉರಿಯುತ್ತಿದ್ದ ಅಕಿಲೀಸ್ ಒಲ್ಲೆನೆನ್ನುತ್ತಾನೆ. ಕರ್ಣನಿಗೆ ಕೃಷ್ಣ ಒಡ್ಡುವುದು ಇಡೀ ರಾಜ್ಯ. ವ್ಯಾಸಭಾರತದಲ್ಲಿ ದ್ರೌಪದಿಯ ಆಸೆಯನ್ನೂ ತೋರಿಸುತ್ತಾನೆ. ಪಂಪನ (941) ಕಾವ್ಯದಲ್ಲಿ ಆಕೆ ಅರ್ಜುನನೊಬ್ಬನ ಹೆಂಡತಿಯಾದ್ದರಿಂದ ಆ ಮಾತಿಗೆ ಎಡೆಯೇ ಇಲ್ಲ. ಕರ್ಣನೂ ಒಲ್ಲೆನೆನ್ನುತ್ತಾನೆ, ಆದರೆ ಅದು ಉಂಡ ಅನ್ನದ ಋಣಕ್ಕೆ. ಇಬ್ಬರ ನಿರಾಕರಣೆ ಒಂದೇ ಜಾತಿಯದಲ್ಲ.

ಅಕಿಲೀಸನಿಗೆ ಸರಿಯಾದ ಜೋಡಿ ರನ್ನನ ದುರ್ಯೋಧನನೆಂದೇ ನಾನು ಈಗಲೂ ನಂಬಿದ್ದೇನೆ. 'ಗದಾಯುದ್ಧ'ದಲ್ಲಿ ಸಂಧಿಯ ಮಾತು ಬಂದಾಗ ಅವನು ಹೇಳುತ್ತಾನೆ: "ನೆಲಕಿರಿವೆನೆಂದು ಬಗೆದಿರೆ? ಚಲಕಿರಿವೆಂ". ನೆಲಕ್ಕಾಗಿ ಕಾದುತ್ತೇನೆಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ. ಕರ್ಣನನ್ನು ಕೊಲ್ಲಿಸಿದ ಈ ನೆಲದೊಡನೆ ಮತ್ತೆ ಹೇಗೆ ಬಾಳಲಿ ಎಂಬುದು ಅವನ ಸಂಕಟ. ಪೆಟ್ರೋಕ್ಲಸ್ ಸತ್ತ ಮೇಲೆ ಅಕಿಲೀಸನಿಗೂ ಆ ಉಡುಗೊರೆಗಳೆಲ್ಲ ಲೆಕ್ಕಕ್ಕಿಲ್ಲ. ಗೆಳೆಯನ ಸಾವು ಇಬ್ಬರ ಹಟವನ್ನೂ ದುಃಖವಾಗಿಸಿತು.

ಇಬ್ಬರೂ ಶತ್ರುವಿನ ಮನೆಯ ದುಃಖವನ್ನು ಕಂಡವರು. ಹೆಕ್ಟರನ ಶವವನ್ನು ರಥಕ್ಕೆ ಕಟ್ಟಿ ಎಳೆದ ಅಕಿಲೀಸ್, ಹೆಕ್ಟರನ ಮುದಿ ತಂದೆ ಪ್ರಯಾಮ್ ಬಂದು ಕೈಗೆ ಮುತ್ತಿಟ್ಟಾಗ ಅವನೊಂದಿಗೆ ಅಳುತ್ತಾನೆ, ಶವ ಒಪ್ಪಿಸಿ 11 ದಿನ ಯುದ್ಧ ತಡೆಯುತ್ತಾನೆ. ದುರ್ಯೋಧನನೂ ರಣರಂಗದಲ್ಲಿ ಅಭಿಮನ್ಯುವಿನ ಶವದ ಮುಂದೆ ನಿಂತು, ನಿನ್ನ ಹೆತ್ತವಳೇ ವೀರಜನನಿ, ನಿನ್ನಂಥ ಸಾವು ನನಗೂ ಬರಲಿ ಎನ್ನುತ್ತಾನೆ. ಆದರೆ ರನ್ನ ಅಲ್ಲಿಗೆ ಯುದ್ಧ ನಿಲ್ಲಿಸುವಂತಿರಲಿಲ್ಲ. ತನ್ನ ಆಶ್ರಯದಾತ, ಚಾಲುಕ್ಯ ದೊರೆ ಸತ್ಯಾಶ್ರಯನನ್ನೇ ಅವನು ಕಾವ್ಯದ ಭೀಮನಾಗಿಸಿದ್ದ; ಆ ಭೀಮ ಗೆಲ್ಲಲೇಬೇಕಿತ್ತು. ಗೆಲುವನ್ನು ಭೀಮನಿಗೆ ಕೊಟ್ಟ ಕವಿ, ಅಳುವ ಪದ್ಯಗಳನ್ನು ಸೋಲುವವನ ಬಾಯಲ್ಲಿಟ್ಟ.